ಎಲೆ ಬುಟ್ಟಿಯಲ್ಲಿ ಮಲಗಿದ ಬೆಕ್ಕು

ಪೆಟ್ಟಾದ ಬೆಕ್ಕನ್ನು ಕಂಡಕೂಡಲೇ ಬರಿಗೈಯಲ್ಲಿ ಎತ್ತಿಕೊಳ್ಳಬೇಡಿ. ಅದು ನಿಮ್ಮನ್ನೇ ಕಚ್ಚುತ್ತದೆ, ಇಲ್ಲವೇ ಮುರಿದ ಎಲುಬು ಇನ್ನಷ್ಟು ಸರಿಯುತ್ತದೆ. ಒಂದು ದಪ್ಪ ಬಟ್ಟೆಯನ್ನು ಅದರ ಮೇಲೆ ಹಾಕಿ, ಕೆಳಗಿನಿಂದ ಎರಡೂ ಕೈ ಕೊಟ್ಟು, ತುಂಬಿದ ಬುಟ್ಟಿ ಎತ್ತಿದ ಹಾಗೆ ಎತ್ತಬೇಕು. ಕಣ್ಣಿಗೆ ಕತ್ತಲಾದರೆ ಬೆಕ್ಕು ಅರ್ಧ ಸುಮ್ಮನಾಗುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಕೈ ಹರಿಸಿಕೊಂಡು ಕಲಿತೆ. ಎಡಗೈ ಹೆಬ್ಬೆರಳಿನ ಬುಡದಲ್ಲಿ ಆ ಗುರುತು ಇನ್ನೂ ಇದೆ.

ನಾನು ಎಲೆ ವ್ಯಾಪಾರಿ. ಸವಣೂರಿನ ತೋಟಗಳಲ್ಲಿ ವೀಳ್ಯದೆಲೆ ಹಿಡಿದು ಶಿಗ್ಗಾವಿ, ಹಾನಗಲ್ಲು, ಹಿರೇಕೆರೂರು ಸಂತೆಗಳಲ್ಲಿ ಮಾರುತ್ತಿದ್ದವನು. ಮೊದಲು ತಲೆಯ ಮೇಲೆ ಬುಟ್ಟಿ, ಆಮೇಲೆ ಕಂಡವರ ಚಕ್ಕಡಿಯಲ್ಲಿ ಒಂದು ಮೂಲೆ, ಕೊನೆಗೆ ನನ್ನದೇ ಚಕ್ಕಡಿ. ಅಪ್ಪ ನನಗೆ ಬಿಟ್ಟುಹೋದದ್ದು ಒಂದು ರುಮಾಲು ಮತ್ತು ಒಂದು ಬಾಯಿ. ರುಮಾಲು ಹರಿಯಿತು, ಬಾಯಿಯಿಂದ ಬದುಕಿದೆ. ಎಲೆ ಎಂಬುದು ಜೀವಂತ ಮಾಲು. ದಿನಾ ಬೆಳಿಗ್ಗೆ ಕಟ್ಟು ಬಿಚ್ಚಿ, ಎಲೆಗಳನ್ನು ಮಗುಚಿ, ಕೊಳೆ ಹತ್ತಿದ್ದನ್ನು ತೆಗೆದು, ಮತ್ತೆ ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಡಬೇಕು. ಗಾಳಿ ತಾಗಿದರೆ ಬಾಡುತ್ತದೆ, ನೀರು ಹೆಚ್ಚಾದರೆ ಕೊಳೆಯುತ್ತದೆ. ತಂಪಾಗಿ ಮುಚ್ಚಿಟ್ಟದ್ದು ಉಳಿಯುತ್ತದೆ ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಆ ಪಾಠದಿಂದಲೇ ನಾನು ಬೆಕ್ಕಿನ ವಿಷಯದಲ್ಲಿ ಕೆಟ್ಟೆ. ಅದು ಮುಂದೆ ಬರುತ್ತದೆ.

ಶಿಗ್ಗಾವಿಯಲ್ಲಿ ನಮ್ಮದು ಬಾಡಿಗೆ ಮನೆ. ನಾನು, ನನ್ನ ಹೆಂಡತಿ, ಒಬ್ಬಳು ಮಗಳು. ಬೆಕ್ಕು ಮಗಳದು.

ಅದು ಬಂದದ್ದು ಮಾಸೂರಿನಿಂದ, ಹೆಂಡತಿಯ ಅಕ್ಕನ ಮನೆಯಿಂದ. ಆ ವರ್ಷ ಮದಗದ ಕೆರೆ ತುಂಬಿತ್ತು. ನೋಡಿಕೊಂಡು ಬರೋಣವೆಂದು ಮೂವರೂ ಹೋಗಿದ್ದೆವು. ಅಲ್ಲಿ ಕಣಜದ ಹಿಂದೆ ಬೆಕ್ಕು ಮರಿ ಹಾಕಿತ್ತು. ಬೂದು ಮೈ, ಬಿಳಿ ಗದ್ದದ ಒಂದು ಮರಿಯ ಮೇಲೆ ಮಗಳ ಕಣ್ಣು ಬಿತ್ತು. ಕೇಳಿದ್ದರೆ ಅವರು ಸುಮ್ಮನೆ ಕೊಡುತ್ತಿದ್ದರು. ಇವಳು ಕೇಳಲಿಲ್ಲ. ದನದ ಸಂತೆಯಲ್ಲಿ ದಲ್ಲಾಳಿಗಳು ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ವಸ್ತ್ರದ ಮರೆಯಲ್ಲಿ ಒಬ್ಬರ ಬೆರಳನ್ನು ಒಬ್ಬರು ಹಿಡಿದು ಹಿಚುಕಿ ಮಾತು ಮುಗಿಸುತ್ತಾರೆ. ಹಿಡಿದ ಬೆರಳಿನ ಲೆಕ್ಕವೇ ಬೆಲೆ. ಎತ್ತು ಕೊಳ್ಳುವಾಗ ನಾನು ಹಾಗೆ ಮಾಡಿದ್ದನ್ನು ಅವಳು ನೋಡಿದ್ದಳು. ಹೋಗಿ ದೊಡ್ಡವ್ವನ ಸೆರಗನ್ನೇ ಎಳೆದು ಅದರೊಳಗೆ ಕೈ ಹಾಕಿದಳು.

"ದೊಡ್ಡವ್ವಾ, ಕೈ ಕೊಡು."

"ಯಾಕ?"

"ವ್ಯಾಪಾರ ಮಾಡೂಣು. ಬಾಯಿಲೆ ಹೇಳಬಾರ್ದು, ಮಂದಿ ಕೇಳ್ತಾರ."

"ಏನವ್ವಾ ಇದು, ಐದೂ ಬೆರಳು ಹಿಡದೀ!"

"ಐದೂ ಅಂದ್ರ ಎಲ್ಲಾ ನಿನಗ. ಬೆಕ್ಕ ನನಗ."

"ಅಪ್ಪನ ಮಗಳ ಹೌದು ಬಿಡು," ಎಂದು ಅವಳ ದೊಡ್ಡವ್ವ ನನ್ನ ಕಡೆ ನೋಡಿ ನಕ್ಕರು. "ಏನೂ ಕೊಡದನ ಎಲ್ಲಾ ಒಯ್ತಾಳ."

ಬರುವಾಗ ಮರಿಯನ್ನು ನನ್ನ ಎಲೆ ಬುಟ್ಟಿಯಲ್ಲಿ ಕೂಡಿಸಿಕೊಂಡು, ಮೇಲೆ ಬಾಳೆಎಲೆ ಮುಚ್ಚಿ, ಚಕ್ಕಡಿಯಲ್ಲಿ ತಂದೆವು. ಅದಕ್ಕೆ ಹೆಸರಿಡಲಿಲ್ಲ. ಮಗಳು 'ನಮ್ಮವ್ವ' ಎಂದು ಕರೆಯುತ್ತಿದ್ದಳು. ಹೆಂಡತಿ, "ಹಂಗಾರ ನಾ ಯಾರು?" ಎನ್ನುತ್ತಿದ್ದಳು.

ಮರುವರ್ಷ ಮಗಳಿಗೆ ಜ್ವರ ಬಂತು, ಹೋದಳು. ಅದನ್ನು ಇಲ್ಲಿ ಬರೆಯುವುದಿಲ್ಲ.

ಅಂದಿನಿಂದ ಹೆಂಡತಿ ನಡುಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದಳು. ಅತ್ತು ಕರೆದು ರಂಪ ಮಾಡಿದ್ದರೆ ನನಗೆ ತಿಳಿಯುತ್ತಿತ್ತು. ಗದ್ದಲ ಮಾಡುವ ಗಿರಾಕಿಯನ್ನು ಹೇಗಾದರೂ ದಾರಿಗೆ ತರಬಹುದು. ಇವಳು ಸುಮ್ಮನಿದ್ದಳು. ಊಟಕ್ಕೆ ಕರೆದರೆ "ಹಸಿವಿಲ್ರಿ" ಎನ್ನುವಳು. ನೀರು ಕೊಟ್ಟರೆ ಎರಡು ಗುಟುಕು. ಬೆಕ್ಕು ಅವಳ ಕಾಲಿನ ಮೇಲೆ ಮಲಗಿರುತ್ತಿತ್ತು. ಬೆಕ್ಕು ಏಳದಿರಲಿ ಎಂದು ಅವಳೂ ಮಗ್ಗುಲು ಬದಲಿಸುತ್ತಿರಲಿಲ್ಲ. ಮಾಲು ಮುಟ್ಟಿದರೆ ಅದು ಉಳಿಯುತ್ತದೋ ಇಲ್ಲವೋ ನನ್ನ ಕೈಗೆ ಗೊತ್ತಾಗುತ್ತದೆ. ಅವಳ ಮುಂಗೈ ಹಿಡಿದಾಗಲೆಲ್ಲ ಗೊತ್ತಾಗುತ್ತಿತ್ತು. ಗೊತ್ತಾದದ್ದನ್ನು ನನಗೆ ನಾನೇ ಹೇಳಿಕೊಳ್ಳುತ್ತಿರಲಿಲ್ಲ.

ಅಂಥದರಲ್ಲಿ ಒಂದು ಸಂತೆಯ ದಿನ, ಊಟದ ಹೊತ್ತು, ನಾನು ಪಡಸಾಲೆಯಲ್ಲಿ ಉಳಿದ ಎಲೆ ಮಗುಚುತ್ತಿದ್ದೆ. ಒಳಗಿನಿಂದ ದನಿ ಬಂತು.

"ಏನ್ರೀ! ಬರ್ರಿಲ್ಲೆ! ಬೆಕ್ಕ ನೋಡ್ರಿ ಬರ್ರಿ!"

ಎಷ್ಟೋ ತಿಂಗಳ ಮೇಲೆ ಅವಳ ದನಿ ಅಷ್ಟು ಏರಿದ್ದನ್ನು ಕೇಳಿದೆ. ಓಡಿದೆ. ಅವಳು ಹಿತ್ತಲ ಬಾಗಿಲಲ್ಲಿ ಎದ್ದು ನಿಂತಿದ್ದಳು, ಚೌಕಟ್ಟು ಹಿಡಿದುಕೊಂಡು. ಬೆಕ್ಕು ಬಚ್ಚಲ ಕಾಲುವೆಯ ಗುಂಟ ತೆವಳಿಕೊಂಡು ಬರುತ್ತಿತ್ತು. ಸಂತೆಯ ನಾಯಿಗಳು ಹಿಡಿದಿದ್ದವು. ತೊಡೆಯಲ್ಲಿ ಹಲ್ಲಿನ ತೂತುಗಳು, ಒಂದು ಹಿಂಗಾಲು ಬಟ್ಟೆ ಜೋತುಬಿದ್ದ ಹಾಗೆ ಹಿಂದೆ ನೆಲ ಸವರುತ್ತಿತ್ತು. ನಾನು ಕೈ ಹಾಕಿದೆ, ಕಚ್ಚಿತು. ಅವಳೇ ಕೌದಿ ತಂದು ಮೇಲೆ ಹಾಕಿದಳು.

ಒಳಗೆ ತಂದು ನೋಡಿದರೆ ಕಾಲಿನ ಎಲುಬು ಮೊಣಕಾಲ ಕೆಳಗೆ ಮುರಿದಿತ್ತು. ಬುಟ್ಟಿ ಹೆಣೆಯುವ ಬಿದಿರ ದಬ್ಬೆಯನ್ನು ಸೀಳಿ, ಉಜ್ಜಿ ನುಣ್ಣಗೆ ಮಾಡಿ, ಎರಡು ಪಟ್ಟಿ ಸಿದ್ಧಮಾಡಿದೆ. ಕಟ್ಟಲು ಮೆತ್ತನೆಯ ಬಟ್ಟೆ ಬೇಕಿತ್ತು. ನನ್ನ ಹಳೆಯ ಧೋತರ ಹುಡುಕುತ್ತಿದ್ದೆ. ಅಷ್ಟರಲ್ಲಿ ಟ್ರಂಕಿನ ಕೊಂಡಿ ಸದ್ದಾಯಿತು. ಮಗಳು ಹೋದಂದು ಮುಚ್ಚಿದ ಟ್ರಂಕು ಅದು. ಹೆಂಡತಿ ಅದರೊಳಗಿನಿಂದ ಮಗಳ ಹಳೆಯ ಪರಕಾರವನ್ನು ತೆಗೆದಳು. ತೊಳೆದು ತೊಳೆದು ಮೆತ್ತಗಾದ ಲಂಗ ಅದು. ಹಲ್ಲಿನಿಂದ ಅಂಚು ಕಚ್ಚಿ ಚರ್ರನೆ ಸೀಳಿದಳು.

"ಅದ್ಯಾಕ?" ಎಂದೆ. "ಬ್ಯಾರೆ ಐತಿ."

"ಇದು ಮೆತ್ತಗೈತಿ. ಹಿಡೀರಿ."

ಬಿಗಿಯಾಗಿ ಕಟ್ಟಬೇಡಿ ಎಂದು ಇಲ್ಲಿ ಹೇಳಿಬಿಡುತ್ತೇನೆ. ಪಂಜ ತಣ್ಣಗಾದರೆ ಕಟ್ಟು ಬಿಗಿಯಾಯಿತೆಂದು ತಿಳಿಯಬೇಕು. ಬಿಚ್ಚಿ ಮತ್ತೆ ಕಟ್ಟಬೇಕು. ಒಂದೇ ಮಗ್ಗುಲಲ್ಲಿ ಮಲಗಲು ಬಿಡಬೇಡಿ. ನಾನು ಹೆಂಡತಿಗೆ ಹೇಳಿಕೊಟ್ಟೆ: "ಎಲಿ ಮಗಚಿದಂಗ ಮಗಚಬೇಕು ನೋಡು. ತಳದಾಗ ಕೈ ಕೊಟ್ಟು, ಮಡಿಕಿ ಬೀಳದಂಗ." ಹಳೆಯ ಎಲೆ ಬುಟ್ಟಿಯೊಂದಕ್ಕೆ ತಟ್ಟು ಹಾಸಿ, ಬೂದಿ ಹರವಿ, ಮೇಲೆ ಚಿಂದಿ ಹಾಕಿ ಅದರಲ್ಲಿ ಮಲಗಿಸಿದೆವು. ಮಾಸೂರಿನಿಂದ ಬರುವಾಗ ಕೂತಿದ್ದ ಬುಟ್ಟಿಯೇ ಅದು. ಈಗ ಮೈ ಹಿಡಿಸುತ್ತಿರಲಿಲ್ಲ, ಬಾಲ ಹೊರಗೆ ಬರುತ್ತಿತ್ತು.

ಆ ದಿನ ಸಂಜೆ ಅವಳು ಅರಳೆಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ ಬೆಕ್ಕಿನ ಬಾಯಿಗೆ ಹಿಂಡುತ್ತ ಕೂತಿದ್ದಳು. ನಾನು ಸಮಯ ನೋಡಿ ಮಾತು ತೆಗೆದೆ.

"ಒಂದು ವ್ಯಾಪಾರ ಮಾಡೂಣೇನು?"

"ಏನು?"

"ಅದು ಎಷ್ಟು ಸಲ ನುಂಗತೈತಿ, ನೀ ಅಷ್ಟು ತುತ್ತು ಉಣಬೇಕು."

"ಅದು ಬತ್ತಿ ನೆಕ್ಕತೈತ್ರಿ. ಅದೇನ್ ತುತ್ತು?"

"ಹಂಗಾರ ಅರ್ಧ."

"ಬಾಳ ಶ್ಯಾಣ್ಯಾ ಅದೀರಿ," ಎಂದಳು. ಉಂಡಳು. ಗಂಗಾಳದಲ್ಲಿ ಅರ್ಧ ರೊಟ್ಟಿ ಉಳಿದಿತ್ತು. ಎಷ್ಟೋ ದಿನ ಮುಟ್ಟದೇ ಉಳಿಯುತ್ತಿದ್ದ ಗಂಗಾಳ ಅದು. ನಾನು ಆ ಉಳಿದ ಅರ್ಧ ರೊಟ್ಟಿಯನ್ನು ನೋಡುತ್ತ ಕೂತೆ. ಮನಸ್ಸಿನಲ್ಲಿಯೇ ಒಂದು ಕರಾರು ಮಾಡಿಕೊಂಡೆ. ದೇವರ ಜೊತೆ ಚೌಕಾಶಿ ಮಾಡಬಾರದೆಂದು ಹಿರಿಯರು ಹೇಳುತ್ತಾರೆ, ಆದರೆ ನನಗೆ ಬೇರೆ ಏನು ಬರುತ್ತದೆ? 'ಈ ಬೆಕ್ಕು ಉಳಿದರೆ ಇವಳೂ ಉಳಿಯುತ್ತಾಳೆ. ಬೆಕ್ಕನ್ನು ನಾನು ಉಳಿಸುತ್ತೇನೆ, ಇವಳನ್ನು ನೀನು ಉಳಿಸು.' ಎದುರಿನವನು ಒಪ್ಪಿದನೋ ಇಲ್ಲವೋ ಕೇಳಿಸಿಕೊಳ್ಳಲಿಲ್ಲ. ಅದೂ ಒಂದು ತಪ್ಪೇ. ಕೈ ಮೇಲೆ ಕೈ ಬೀಳದೆ ವ್ಯಾಪಾರ ಆಯಿತೆಂದು ತಿಳಿಯಬಾರದು.

ಹಾಲು, ಗಂಜಿಗೆ ಬೆಕ್ಕಿನ ಮೈ ತುಂಬಲಿಲ್ಲ. ನಾವು ಲಿಂಗ ಕಟ್ಟಿಕೊಂಡವರು. ಮನೆಯಲ್ಲಿ ಮಾಂಸ ತರುವಂತಿಲ್ಲ. ಹಿತ್ತಲ ಗೋಡೆಯ ಆಚೆ ತಾಮ್ರದ ಪಾತ್ರೆಗೆ ಕಲಾಯಿ ಹಾಕುವ ಸಾಬರ ಮನೆ. ಆ ಮನೆಯ ಹಿರಿಯಾಕೆಯನ್ನು ನಾವೆಲ್ಲ ಚಾಚಿ ಎನ್ನುತ್ತಿದ್ದೆವು. ಹಲ್ಲು ಅರ್ಧ ಹೋಗಿದ್ದರೂ ಎಲೆ ಅಡಿಕೆ ಕುಟ್ಟಿ ಹಾಕಿಕೊಳ್ಳುವುದು ಬಿಟ್ಟಿರಲಿಲ್ಲ. ಗೋಡೆಯ ಮೇಲಿಂದ ತಲೆ ಹಾಕಿ ನೋಡಿದಳು.

"ಏ ಎಲಿ ಸಾವ್ಕಾರಾ! ಬೆಕ್ಕಿಗೆ ಗಂಜಿ ಕುಡಿಸಾಕತ್ತೀಯೇನು? ಅದೇನು ನಿಮ್ಮ ಮಠದ ಸ್ವಾಮಿಯೇನೋ?"

"ನಮ್ಮ ಮನ್ಯಾಗ ಅದೆಲ್ಲಾ ತರೂ ಹಂಗಿಲ್ಲರಿ ಚಾಚಿ."

"ನಿಮ್ಮ ಮನ್ಯಾಗ ತಾ ಅಂತ ಯಾರಂದ್ರು? ನನ್ನ ಹಿತ್ತಲದಾಗ ಕುಡಸು. ಎಲುಬಿನ ಸಾರು ಇಟ್ಟಿರ್ತೇನಿ, ಉಪ್ಪು ಖಾರ ಇಲ್ಲದ್ದು."

"ಅದಕ್ಕ ಏನ್ ಕೊಡ್ಲಿ?"

"ಎಲಿ ಕೊಡು, ಮತ್ತೇನ್ ಬೆಕ್ಕಿನ ಬಾಲ ಕೊಡ್ತೀಯೇನು? ಆದ್ರ ಚಿಗರ ಎಲಿ ಬೇಕು. ಸಂತ್ಯಾಗ ಉಳದದ್ದು ತಂದು ನನ್ನ ಬಾಯಾಗ ತುರಕಬ್ಯಾಡ. ಹಲ್ಲಿಲ್ಲ ಅಂದ್ರ ನಾಲಗೀನೂ ಇಲ್ಲಂತ ತಿಳದೀ ಏನು?"

ಒಪ್ಪಿಕೊಂಡೆ. ಬೆಕ್ಕನ್ನು ನಾನೇ ಒಯ್ಯುವವನಿದ್ದೆ. ಹೆಂಡತಿ ಬುಟ್ಟಿ ಎತ್ತಿಕೊಂಡು, ತಲೆಯ ಮೇಲೆ ಸೆರಗು ಹೊದ್ದು, ಹಿತ್ತಲ ಬಾಗಿಲು ದಾಟಿ, ಸಂದಿಯಲ್ಲಿ ಹಾದು ಚಾಚಿಯ ಅಂಗಳಕ್ಕೆ ಹೋದಳು. ಮಗಳನ್ನು ಕಳಿಸಿಕೊಟ್ಟಂದಿನಿಂದ ಹೊಸ್ತಿಲು ದಾಟದ ಕಾಲು ಅದು. ನಾನು ಗೋಡೆಯ ಈಚೆ ನಿಂತು ಕೇಳಿಸಿಕೊಂಡೆ. ಎಲುಬಿನ ಸಾರಿನ ವಾಸನೆಗೆ ಹೆಂಡತಿ ಸೆರಗನ್ನು ಮೂಗಿಗೆ ಒತ್ತಿಕೊಂಡಿರಬೇಕು, ಚಾಚಿ ನಗುತ್ತಿದ್ದಳು.

"ಮೂಗ ಮುಚ್ಚಿಕೋ ಮಗಳ, ಕಣ್ಣ ಮುಚ್ಚಬ್ಯಾಡ. ಬಾಯಿ ಎಲ್ಲೈತಿ ನೋಡಿ ಹಾಕು. ಕಿವಿಗೆ ಹಾಕಾಕತ್ತೀ."

ಹೆಂಡತಿಯೂ ನಕ್ಕ ಸದ್ದು ಕೇಳಿದ ಹಾಗಾಯಿತು. ಖಾತ್ರಿಯಿಲ್ಲ.

ಇನ್ನು ನನ್ನ ಮೂರ್ಖತನ. ಎಲುಬು ಕೂಡಿಕೊಳ್ಳುತ್ತ ಬಂತು, ತೊಡೆಯ ಗಾಯ ಹಸಿಯಾಗಿಯೇ ಇತ್ತು. ಹುಣ್ಣಾದರೆ, ಬಾತರೆ ವೀಳ್ಯದೆಲೆಗೆ ಹರಳೆಣ್ಣೆ ಸವರಿ ಬಿಸಿ ಮಾಡಿ ಕಟ್ಟುವುದು ಎಲ್ಲರ ಮನೆಯಲ್ಲೂ ಉಂಟು. ನಾನು ಎಲೆ ಸಾವುಕಾರ. ನಮ್ಮಲ್ಲಿ ಎಲೆಗೆ ಬರವೇ? ಸವಣೂರಿನ ಎಳೆಯ ಎಲೆಯನ್ನೇ ಆರಿಸಿ, ಎಣ್ಣೆ ಸವರಿ, ಕೆಂಡಕ್ಕೆ ಹಿಡಿದು ಕಟ್ಟಿದೆ. ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತೇನೋ. ಎಲೆ ಒಣಗದಿರಲಿ ಎಂದು ಮೇಲೆ ಒದ್ದೆ ಬಟ್ಟೆ ಸುತ್ತಿದೆ, ಬಟ್ಟೆ ಆರಿದಾಗಲೆಲ್ಲ ನೀರು ಚಿಮುಕಿಸಿದೆ. ನನ್ನ ಕೈ ಕಲಿತದ್ದು ಅದೊಂದೇ. ತಂಪಾಗಿ ಮುಚ್ಚಿಟ್ಟದ್ದು ಉಳಿಯುತ್ತದೆ. ಕೆಲವು ದಿನಗಳಲ್ಲಿ ತೂತುಗಳ ಬಾಯಿ ಕೂಡಿ, ಮೇಲೆ ತೆಳ್ಳನೆಯ ಚರ್ಮ ಬಂತು. ನಾನು ಓಣಿಯವರಿಗೆಲ್ಲ ಹೇಳಿಕೊಂಡು ತಿರುಗಿದೆ. "ನಮ್ಮ ಎಲಿ ಗುಣ ನೋಡ್ರಿ" ಎಂದು ಸಂತೆಯಲ್ಲೂ ಹೇಳಿದೆ.

ಆಮೇಲೆ ಬೆಕ್ಕು ಸಾರು ಮುಟ್ಟಲಿಲ್ಲ. ಹಾಲು ಮುಟ್ಟಲಿಲ್ಲ. ಕಿವಿ ಸುಡುತ್ತಿದ್ದವು. ಬುಟ್ಟಿಯಿಂದ ತೆವಳಿ ಹೆಂಡತಿಯ ಕಾಲ ಮೇಲೆ ಬಂದು ಬಿದ್ದುಕೊಂಡಿತು. ಅವಳು ಮತ್ತೆ ಗೋಡೆಯ ಕಡೆ ತಿರುಗಿದಳು.

"ಏಳು," ಎಂದೆ, "ಮಗಚಬೇಕಲ್ಲ ಅದನ್ನ."

"ಇರ್ಲಿ ಬಿಡ್ರಿ. ನೆಮ್ಮದಿಲೆ ಹೋಗ್ಲಿ."

ಅವಳು ಅದನ್ನು ಹೇಳಿದ ರೀತಿಗೆ ನನಗೆ ಹೆದರಿಕೆಯಾಯಿತು. ಅದು ಬರೀ ಬೆಕ್ಕಿನ ಮಾತಾಗಿರಲಿಲ್ಲ. ನಾನು ಬಗ್ಗಿ ಬೆಕ್ಕಿನ ತೊಡೆಗೆ ಮೂಗು ಹಚ್ಚಿದೆ. ಆ ವಾಸನೆ ನನಗೆ ಗೊತ್ತಿತ್ತು. ಕಟ್ಟಿನ ಮೇಲಿನ ಎಲೆ ಹಸಿರಾಗಿದ್ದು ನಡುವಿನದು ಕೊಳೆತಾಗ ಬರುವ ವಾಸನೆ ಅದು. ಕಟ್ಟು ಬಿಚ್ಚುವ ಮೊದಲೇ ಮೂಗಿಗೆ ತಿಳಿಯುತ್ತದೆ. ಇಷ್ಟು ವರ್ಷ ಎಲೆಯಲ್ಲಿ ಅದನ್ನು ಹಿಡಿದವನು ನಾನು. ಬೆಕ್ಕಿನಲ್ಲಿ ಹಿಡಿಯಲಿಲ್ಲ.

ಮರುದಿನ ಎಲೆಯನ್ನು ಇನ್ನೊಬ್ಬನಿಗೆ ವಹಿಸಿ, ಬೆಕ್ಕು ಬಸ್ಸಿನ ಕುಲುಕಾಟ ತಡೆಯದೆಂದು ಬರಿಗೈಯಲ್ಲಿ ಹಾನಗಲ್ಲಿಗೆ ಬಸ್ಸು ಹತ್ತಿದೆ. ಅಲ್ಲಿಯ ದನದ ದವಾಖಾನೆಯ ಮುಂದೆ ಎತ್ತು ಎಮ್ಮೆ ಹಿಡಿದುಕೊಂಡು ರೈತರು ಸಾಲಾಗಿ ನಿಂತಿದ್ದರು. ನನ್ನ ಕೈಯಲ್ಲಿ ಹಗ್ಗವೂ ಇರಲಿಲ್ಲ.

"ಎತ್ತ ಎಲ್ಲೈತ್ರಿ?" ಎಂದರು ಡಾಕ್ಟರು.

"ಎತ್ತಲ್ಲರಿ ಸಾಹೇಬ್ರ. ಬೆಕ್ಕು. ಶಿಗ್ಗಾಂವ್ಯಾಗ ಐತಿ."

ಹಿಂದೆ ನಿಂತವನೊಬ್ಬ ಹೋ ಎಂದು ನಕ್ಕ. "ನಾಳೆ ಇಲಿಗೂ ಔಷಧ ಕೇಳಾಕ ಬರ್ತಾನ ನೋಡ್ರಿ ಇಂವ!"

"ಬರ್ತೇನಪಾ," ಎಂದೆ, "ನಿನ್ನ ಕಣಜದಾಗಿನ ಹುಳಕ ಜ್ವಾಳ ತಿಂದ ಇಲಿಗೆ ಹೊಟ್ಟಿ ಶೂಲಿ ಔಷಧ ಬೇಕಾಗತೈತಿ." ನಗು ಅವನ ಮೇಲೆ ತಿರುಗಿತು. ಆ ಸಂದಿನಲ್ಲಿ ಡಾಕ್ಟರ ಹತ್ತಿರ ಸರಿದು ಎಲ್ಲವನ್ನೂ ಹೇಳಿದೆ. ಹೆಂಡತಿಯ ವಿಷಯ ಹೇಳಲಿಲ್ಲ. ದನದ ಡಾಕ್ಟರಿಗೆ ಅದನ್ನು ಹೇಗೆ ಹೇಳುವುದು?

"ಏನ್ ಕಟ್ಟಿದ್ರಿ ಗಾಯಕ್ಕ?"

"ಬಿಸಿ ಎಲಿ, ಹರಳೆಣ್ಣಿ, ಮ್ಯಾಲ ಒದ್ದಿ ಅರಬಿ."

"ಅಲ್ರೀ, ಗಾಯ ಏನು ಎಲಿ ಕಟ್ಟೇನು, ಸುತ್ತಿ ಇಡಾಕ? ನಾಯಿ ಹಲ್ಲು ದಬ್ಬಣ ಇದ್ದಂಗ. ತೂತು ಸಣ್ಣದು, ಆಳ ಬಾಳ. ಮ್ಯಾಲ ಮುಚ್ಚಿತಂದ್ರ ಒಳಗ ಕೀವು ತುಂಬತೈತಿ. ಬಾಯಿ ತೆಗೀರಿ. ತಳದಿಂದ ತುಂಬಿ ಬರಬೇಕು ಅದು. ಮ್ಯಾಲಿಂದ ಮುಚ್ಚಬಾರ್ದು."

ಊರಿಗೆ ಬೇನೆ ಬಂದಾಗ ಬಾವಿಯ ನೀರಿಗೆ ಹಾಕುತ್ತಾರಲ್ಲ, ಆ ನೇರಳೆ ಪುಡಿಯನ್ನು ಕಾಗದದಲ್ಲಿ ಒಂದು ಚಿಟಿಕೆ ಕಟ್ಟಿಕೊಟ್ಟರು. ಕಾಯಿಸಿ ಆರಿಸಿದ ನೀರಿಗೆ ಅದನ್ನು ಹಾಕಬೇಕು, ನೀರು ತಿಳಿ ಗುಲಾಬಿಗಿಂತ ಹೆಚ್ಚು ಬಣ್ಣ ಹಿಡಿಯಬಾರದು. ನಿಮಗೂ ಇದು ಬೇಕಾದೀತು, ನೆನಪಿಡಿ. ಬಣ್ಣ ಹೆಚ್ಚಾದರೆ ಗಾಯ ಸುಡುತ್ತದೆ. ಹೆಚ್ಚು ಹಾಕಿದರೆ ಬೇಗ ಗುಣವಾಗುತ್ತದೆ ಎನ್ನುವುದು ಲೋಭಿಯ ಲೆಕ್ಕ.

ಮನೆಗೆ ಬಂದು ಕ್ಷೌರದ ಕತ್ತಿ ಕಡ ತಂದು ನೀರಿನಲ್ಲಿ ಕುದಿಸಿದೆ. ಹಿತ್ತಲಲ್ಲಿ ಬಿಸಿಲಿದ್ದ ಕಡೆ ಕೂತೆವು. ಅವಳನ್ನು ಎಬ್ಬಿಸುವುದಕ್ಕೆ ಸಾಕುಸಾಕಾಯಿತು. "ನನಗ ಎರಡ ಕೈ ಅದಾವು, ನಾಕ ಬೇಕು. ನೀ ಹಿಡೀದಿದ್ರ ನಾ ಮಾಡಂಗಿಲ್ಲ" ಎಂದೆ. ಬೆಕ್ಕಿಗೆ ಕೌದಿ ಸುತ್ತಿ ತೊಡೆಯ ಮೇಲೆ ಹಿಡಿದಳು. ಕತ್ತಿಯ ತುದಿ ಇಟ್ಟೆ. ಬೆಕ್ಕು ಕೂಗಿದ ಕೂಗಿಗೆ ಚಾಚಿ ಗೋಡೆಯ ಮೇಲಿಂದ ತಲೆ ಹಾಕಿದಳು. ಕೀವು ಹರಿಯಿತು. ಅಷ್ಟು ಚಿಕ್ಕ ಪ್ರಾಣಿಯ ಒಳಗೆ ಅಷ್ಟು ಇರಬಹುದೆಂದು ನಾನು ತಿಳಿದಿರಲಿಲ್ಲ. ವಾಸನೆಗೆ ನಾನೇ ಮುಖ ತಿರುಗಿಸಿದೆ. ಹೆಂಡತಿ ತಿರುಗಿಸಲಿಲ್ಲ. ನೋಡುತ್ತಲೇ ಇದ್ದಳು.

"ಇಷ್ಟು ಒಳಗ ಇಟಗೊಂಡು ನನ್ನ ಕಾಲ ಮ್ಯಾಲ ಮಲಗಿತ್ತೇನ್ರಿ ಇದು?" ಎಂದಳು.

"ಅಳಬ್ಯಾಡ," ಎಂದೆ, ಅಭ್ಯಾಸದಿಂದ. ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ಒಳ್ಳೆಯದಿತ್ತು.

ಮುಂದೆ ಬಂದ ದಿನಗಳೇ ನಮ್ಮ ಮನೆಯ ಒಳ್ಳೆಯ ದಿನಗಳು ಎಂದರೆ ನಂಬುತ್ತೀರೋ ಇಲ್ಲವೋ. ಬೆಳಿಗ್ಗೆ ಸಂಜೆ ಗಾಯ ತೊಳೆಯಬೇಕು. ಬಾಯಿ ಕೂಡದಂತೆ ಬಟ್ಟೆಯ ಬತ್ತಿ ಇಡಬೇಕು. ಬೆಕ್ಕು ಬತ್ತಿಯನ್ನು ಕಿತ್ತುಕೊಳ್ಳದಂತೆ ಕಾಯಬೇಕು. ಅವಳಿಗೆ ಮಲಗಲು ಪುರಸೊತ್ತೇ ಇರಲಿಲ್ಲ. ನೀರು ಕಾಯಿಸಲು ಒಲೆ ಹಚ್ಚಿದವಳು ಹಾಗೇ ರೊಟ್ಟಿಯನ್ನೂ ಬಡಿಯುತ್ತಿದ್ದಳು. ಚಾಚಿಯ ಅಂಗಳಕ್ಕೆ ಹೋಗಲು ಮೋರೆ ತೊಳೆಯುತ್ತಿದ್ದಳು. ಒಂದು ದಿನ ನಾನು ಹಾನಗಲ್ಲ ಸಂತೆಗೆ ಹೊರಟಾಗ, "ಒಂದು ಹಣಗಿ ತರ್ರಿ, ನಂದು ಮುರದೈತಿ" ಎಂದಳು. ತಲೆ ಬಾಚುವ ಮನಸ್ಸಾಗಿದೆ ಎಂದರೆ ಏನರ್ಥ, ನೀವೇ ಹೇಳಿ. ಬಳೆಗಾರನ ಅಂಗಡಿಯಲ್ಲಿ ನನ್ನ ಜೀವಮಾನದಲ್ಲಿ ಮೊದಲ ಸಲ ಚೌಕಾಶಿ ಮಾಡದೆ, ಕೇಳಿದ್ದು ಕೊಟ್ಟು ತಂದೆ. ಬಳೆಗಾರ ಮೋಸವೇನಾದರೂ ಇದೆಯೋ ಎಂದು ನಾಣ್ಯ ತಿರುವಿ ನೋಡಿದ.

ಗಾಯ ಮಾತ್ರ ನಿಧಾನವಾಗಿ ತುಂಬಿತು. ನಡುವೆ ಒಮ್ಮೆ ಮತ್ತೆ ಸೋರಿತು. ಅವಳು ಗಾಬರಿಯಾದಳು. ನನಗೆ ಒಳಗೊಳಗೆ ಸಮಾಧಾನವಾಯಿತು. ಇನ್ನಷ್ಟು ದಿನ ಇವಳು ಏಳುತ್ತಾಳೆ, ಉಣ್ಣುತ್ತಾಳೆ ಎಂದುಕೊಂಡೆ. ಹಾಗೆ ಅಂದುಕೊಂಡ ಹೊತ್ತಿನಲ್ಲಿಯೇ ನನ್ನ ಕರಾರಿನಲ್ಲಿ ಎಲ್ಲಿಯೋ ತೂತಿದೆ ಎಂಬುದು ನನಗೆ ಹೊಳೆಯಿತು. ಬೆಕ್ಕು ಗುಣವಾಗುವವರೆಗೆ ಇವಳು ಇರುತ್ತಾಳೆ. ಗುಣವಾದ ಮೇಲೆ?

ಗುಣವಾಯಿತು. ಮೊದಲು ಬುಟ್ಟಿ ಬಿಟ್ಟು ಕುಂಟಿತು. ಆಮೇಲೆ ಹೊಸ್ತಿಲು ದಾಟಿತು. ಒಂದು ದಿನ ಹಿತ್ತಲ ಗೋಡೆಗೆ ಹಾರಿ, ಜಾರಿ, ಉಗುರು ಊರಿ ಹತ್ತಿ ಕೂತಿತು. ಚಾಚಿ ಆಚೆಯಿಂದ "ಶಾಬ್ಬಾಸ್!" ಎಂದು ಕೂಗಿದಳು. ನಾನು ಹೆಂಡತಿಯ ಮುಖ ನೋಡಿದೆ. ಸಂತೆ ಮುಗಿದ ಮೇಲೆ ಖಾಲಿ ಬಯಲನ್ನು ನೋಡುತ್ತಾರಲ್ಲ, ಹಾಗೆ ನೋಡುತ್ತಿದ್ದಳು. ಬೆಕ್ಕಿನ ಜಾತಿ ಗೊತ್ತೇ ಇದೆ. ಮೈ ಸರಿಯಾದ ಮೇಲೆ ಅದಕ್ಕೆ ಚಾಚಿಯ ಮಾಳಿಗೆಯ ಬಿಸಿಲು, ಸಂತೆಯ ಇಲಿ, ಊರ ಗಂಡುಬೆಕ್ಕು. ಮನೆಗೆ ಬಂದರೆ ಹಾಲು ನೆಕ್ಕಿ ಹೋಗುವುದು. ಕಾಲ ಮೇಲೆ ಮಲಗುವುದನ್ನೂ ಬಿಟ್ಟಿತು.

ಅವಳು ಬುಟ್ಟಿಯ ಬೂದಿ ಚೆಲ್ಲಿ, ತೊಳೆದು, ಬಿಸಿಲಿಗೆ ಒಣಗಿಸಿ, ನನ್ನ ಎಲೆ ಬುಟ್ಟಿಗಳ ಸಾಲಿನಲ್ಲಿ ತಂದಿಟ್ಟಳು. ಪರಕಾರದ ಪಟ್ಟಿಗಳನ್ನು ಮಡಚಿ ಟ್ರಂಕಿನಲ್ಲಿಟ್ಟು ಕೊಂಡಿ ಹಾಕಿದಳು. ನಾನು ಸವಣೂರಿಗೆ ಹೋಗಿ ಎಲೆ ಹಿಡಿದುಕೊಂಡು ಬರುವಷ್ಟರಲ್ಲಿ ಮತ್ತೆ ಗೋಡೆಗೆ ಮುಖ ಮಾಡಿ ಮಲಗಿದ್ದಳು.

"ಏ, ಕೇಳಿಲ್ಲೆ. ಬೆಕ್ಕ ಬದಕಿತಲ್ಲ?" ಎಂದೆ.

"ಹೂಂ, ಬದಕ್ತು. ಅದಕ್ಕ ಪೆಟ್ಟ ಆಗಿತ್ತು. ಎಲ್ಲೆ ಆಗೇತಿ ಅಂತ ಕಾಣಸ್ತಿತ್ತು."

ಚಾಚಿ ಬಂದು ಬೈದು ನೋಡಿದಳು, ತಲೆ ಸವರಿ ನೋಡಿದಳು, ದರ್ಗಾದಿಂದ ದಾರ ತಂದು ಕಟ್ಟಿದಳು. ಮಾಸೂರಿನಿಂದ ಅಕ್ಕ ಬಂದು ಕೂತು ಹೋದರು. ಔಷಧ ಕೊಡುವವರು ಬಂದರು. ಯಾವುದೂ ಅವಳ ಗಂಟಲಲ್ಲಿ ಇಳಿಯಲಿಲ್ಲ.

ನನಗೆ ಸೋತು ಗೊತ್ತಿಲ್ಲ. ಹಿರೇಕೆರೂರು ಸಂತೆಗೆ ಹೋದಾಗ ಅಲ್ಲಿ ನನಗೆ ಬೇಕಾದ ಗಾಣಿಗರ ಮನೆಯಲ್ಲಿ ಬೆಕ್ಕು ಮರಿ ಹಾಕಿದೆ ಎಂದು ಕೇಳಿ ಹೋದೆ. ಗಾಣದ ಹಿಂದೆ ದುಂಡಗೆ ಎ‍ಣ್ಣೆ ಸವರಿದ ಹಾಗೆ ಮಿಂಚುವ ಮರಿಗಳಿದ್ದವು. ಮೂಲೆಯಲ್ಲಿ ಒಂದು, ಕಣ್ಣು ಕೀವಿನಿಂದ ಅಂಟಿಕೊಂಡು, ಮುಂಗಾಲು ಸೊಟ್ಟಗಾಗಿ, ಒಂಟಿಯಾಗಿ ಬಿದ್ದಿತ್ತು.

"ಇದನ್ನ ಕೊಡ್ರಿ," ಎಂದೆ.

ಗಾಣಿಗರ ಮನೆಯಾಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಎಲಿ ಅಣ್ಣಾರ, ನೀವು ಮಾಲು ನೋಡಿ ಆರಸೂದ್ರಾಗ ಹೆಸರಾದವ್ರು. ಚಲೋವು ಇಷ್ಟ ಅದಾವಲ್ರಿ. ಅದು ಇವತ್ತೋ ನಾಳೆಯೋ ಹೋಗೂದೈತಿ."

"ನನಗ ಅದ ಬೇಕವಾ."

ಬದುಕಿನಲ್ಲಿ ಅದೊಂದು ಸಲ ಆರಿಸಿ ಆರಿಸಿ ಕೆಟ್ಟ ಮಾಲು ಕೊಂಡೆ. ಎಲೆ ಬುಟ್ಟಿಯಲ್ಲಿ ಹಾಕಿ, ಬಾಳೆಎಲೆ ಮುಚ್ಚಿ, ಮಾಸೂರಿನಿಂದ ಆ ಮೊದಲ ಮರಿ ಬಂದ ಹಾಗೆಯೇ ತಂದೆ. ಹೆಂಡತಿಯ ಮಗ್ಗುಲಲ್ಲಿ ಬುಟ್ಟಿ ಇಟ್ಟು ಎಲೆ ಸರಿಸಿದೆ. ಮರಿ ಸಣ್ಣಗೆ ಕೂಗಿತು. ಅವಳು ತಿರುಗಿ ನೋಡಿದಳು. ಕೈ ಚಾಚಿ ಅದರ ತಲೆಯನ್ನು ಒಂದೇ ಬೆರಳಿನಿಂದ ಮುಟ್ಟಿದಳು.

"ನನ್ನ ಎಬ್ಬಸಾಕ ತಂದೀರಿ ಹೌದಲ್ರೀ?" ಎಂದಳು.

ನಾನು ಸರಿಸಿದ ಬಾಳೆಎಲೆಯನ್ನು ಮಡಚತೊಡಗಿದೆ.

"ಪಾಪ. ನನ್ನ ಸಲುವಾಗಿ ಅದಕ್ಯಾಕ ತ್ರಾಸು ಕೊಡ್ತೀರಿ? ಅದರವ್ವನ ಕಡೆ ಬಿಟ್ಟ ಬರ್ರಿ." ಮತ್ತೆ ಗೋಡೆಯ ಕಡೆ ತಿರುಗಿದಳು.

ಬಿಟ್ಟು ಬರುವ ಮೊದಲೇ ಅದು ಹೋಯಿತು. ಹಿತ್ತಲಲ್ಲಿ ನಾನೇ ಮಣ್ಣು ಮಾಡಿದೆ.

ಆಮೇಲೆ ಒಂದು ಮಧ್ಯಾಹ್ನ, ಹೊರಗೆ ಜಿಟಿಜಿಟಿ ಮಳೆ, ಅವಳ ಪಕ್ಕದಲ್ಲಿ ಕೂತಿದ್ದೆ. ಆಡಬಹುದಾದ ಮಾತೆಲ್ಲ ಆಡಿ ಮುಗಿದಿತ್ತು. ಕೌದಿಯ ಕೆಳಗೆ ಕೈ ಹಾಕಿ ಅವಳ ಕೈ ಹುಡುಕಿದೆ. ಸಂತೆಯಲ್ಲಿ ಹಿಡಿಯುವ ಹಾಗೆ, ಮಗಳು ಮಾಸೂರಿನಲ್ಲಿ ಹಿಡಿದ ಹಾಗೆ, ಐದೂ ಬೆರಳು ಕೂಡಿಸಿ ಹಿಡಿದೆ. ಅವಳಿಗೆ ಅರ್ಥವಾಯಿತೆಂದು ನನಗೆ ಗೊತ್ತು. ಗೋಡೆಯ ಕಡೆಗಿದ್ದ ಮುಖದಲ್ಲಿ ಕೆನ್ನೆಯ ಅಂಚು ಸ್ವಲ್ಪ ಅಲುಗಿತು. ವಸ್ತ್ರದ ಕೆಳಗೆ ಎದುರಿನವನ ಕೈ ಬಿಗಿಯಾದರೆ ಮಾತು ಮುಂದುವರಿಯಿತು ಎಂದರ್ಥ. ಕೊಸರಿಕೊಂಡರೆ ಬೆಲೆ ಸಾಲದು ಎಂದರ್ಥ, ಇನ್ನೂ ಏರಿಸಬಹುದು. ಬಿಗಿಯದೆ, ಕೊಸರದೆ, ಕೊಟ್ಟ ಹಾಗೆಯೇ ಬಿದ್ದಿರುವ ಕೈಯೂ ಒಂದಿರುತ್ತದೆ. ಅದು ಸಿಕ್ಕಾಗ ಅನುಭವಸ್ಥ ದಲ್ಲಾಳಿ ವಸ್ತ್ರ ಕೊಡವಿಕೊಂಡು ಏಳುತ್ತಾನೆ. ಇದು ಮಾರಲು ತಂದ ದನವಲ್ಲ ಎಂದು ಅವನಿಗೆ ತಿಳಿಯುತ್ತದೆ. ನನಗೂ ತಿಳಿಯಿತು. ಏಳಲಿಲ್ಲ. ಮಳೆ ನಿಲ್ಲುವವರೆಗೂ ಹಾಗೇ ಹಿಡಿದುಕೊಂಡು ಕೂತಿದ್ದೆ.

ಆ ಮಳೆಗಾಲ ಮುಗಿಯುವ ಮೊದಲೇ ಅವಳನ್ನು ಮಗಳ ಪಕ್ಕದಲ್ಲಿ ಇಟ್ಟು ಬಂದೆವು.

ಬೆಕ್ಕು ಬಹಳ ವರ್ಷ ಬದುಕಿತು. ಮಳೆ ಬರುವ ಮುಂಚೆ ಹಿಂಗಾಲು ಕುಂಟುತ್ತಿತ್ತು. ಮುದಿಯಾದ ಮೇಲೆ ಮತ್ತೆ ಮನೆಗೆ ಒಗ್ಗಿಕೊಂಡು, ನಾನು ಬೆಳಿಗ್ಗೆ ಎಲೆ ಮಗುಚುವಾಗ ಖಾಲಿ ಬುಟ್ಟಿಯೊಂದನ್ನು ನೋಡಿ ಅದರಲ್ಲಿ ಮಲಗುತ್ತಿತ್ತು. ಓಣಿಯಲ್ಲಿ ಯಾರ ಬೆಕ್ಕಿಗೆ, ಯಾರ ನಾಯಿಗೆ ಪೆಟ್ಟಾದರೂ ನನ್ನ ಹತ್ತಿರ ಬರುತ್ತಾರೆ. ಬಟ್ಟೆ ಹಾಕಿ ಎತ್ತಿರಿ, ಬಿಗಿಯಾಗಿ ಕಟ್ಟಬೇಡಿ, ದಿನಾ ಮಗುಚಿರಿ, ಮೇಲೆ ಮುಚ್ಚಿತೆಂದು ನಂಬಬೇಡಿ ಎಂದು ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ. ಕೇಳಿಸಿಕೊಂಡು ಹೊರಡುವಾಗ ಒಬ್ಬರಲ್ಲ ಒಬ್ಬರು ಕೇಳಿಯೇ ಕೇಳುತ್ತಾರೆ.

"ಹಿಂಗೆಲ್ಲಾ ಮಾಡಿದ್ದಕ್ಕ ನಿಮ್ಮದು ಉಳೀತೇನ್ರಿ?"

"ಬೆಕ್ಕ ಉಳೀತು," ಎನ್ನುತ್ತೇನೆ.

ಅವರು ಸಮಾಧಾನದಿಂದ ಹೋಗುತ್ತಾರೆ.